ಅರವತ್ನಾಲ್ಕು ಚುಕ್ಕಿಯ ಬೆಂಕಿ

ಅಮಗಸಾಕಿ, ಎಂಬತ್ತೇಳರ ಚಳಿಗಾಲ.
ಬೀಗದಂಗಡಿಯ ಮೇಲೆ ಎರಡು ಕೋಣೆಯ ಕಚೇರಿ.
ಬರುವ ತಿಂಗಳು ಹದಿನೈದಕ್ಕೆ ಆಟ ಒಪ್ಪಿಸಬೇಕು.
ಗೋಡೆ, ಏಣಿ, ಬಾವಲಿ ಬೇರೆಯವರಿಗೆ ಹೋಗಿ
ನನ್ನ ಪಾಲಿಗೆ ಉಳಿದದ್ದು ಬೆಂಕಿ.

ಎಂಟು ಅಡ್ಡ, ಎಂಟು ಉದ್ದ, ಅರವತ್ನಾಲ್ಕು ಚುಕ್ಕಿ.
ಬಣ್ಣ ಮೂರೇ: ಕೆಂಪು, ಹಳದಿ, ಬಿಳಿ.
ನಾಲ್ಕನೆಯದು ಬಣ್ಣವಲ್ಲ, ತೂತು,
ಅದರಾಚೆ ಕೋಟೆಯ ಕತ್ತಲು ಕಾಣಬೇಕು.
ಚಿತ್ರ ಎರಡೇ.
ಒಂದರಲ್ಲಿ ನಾಲಿಗೆ ಎಡಕ್ಕೆ, ಒಂದರಲ್ಲಿ ಬಲಕ್ಕೆ,
ಅದಲು ಬದಲು, ಅದಲು ಬದಲು,
ನೋಡುವವನ ಕಣ್ಣೇ ಅದಕ್ಕೆ ಎಣ್ಣೆ.

ಕುರಾಮೊಚಿ ಲೆಕ್ಕದವನು. ನನ್ನ ಬೆಂಕಿಯನ್ನು ಬೀಜದಂತೆ ಬಿತ್ತಿದ:
ಸೇತುವೆಯ ಕೆಳಗೆ, ಏಣಿ ಮುಗಿಯುವಲ್ಲಿ,
ನಾಣ್ಯ ಹೊಳೆಯುವ ಮೂಲೆಯಲ್ಲಿ.
ಮುಟ್ಟಿದರೆ ಸಾವು.
ಬೊಬ್ಬೆಯಿಲ್ಲ, ಮುಲಾಮಿಲ್ಲ, ಅರ್ಧ ಸುಡುವುದೆಂಬುದಿಲ್ಲ.
ಕೊಡೆಯ ಹುಡುಗ ಒಮ್ಮೆ ಮೇಲಕ್ಕೆ ಚಿಮ್ಮಿ
ಪರದೆಯ ಕೆಳಗೆ ಬಿದ್ದು ಹೋಗುತ್ತಾನೆ,
ಮರುಗಳಿಗೆ ಮೊದಲ ಬಾಗಿಲಲ್ಲಿ ನಿಂತಿರುತ್ತಾನೆ,
ಬೆನ್ನಿನ ಕೊಡೆಯ ಮಡಿಕೆ ಕೂಡ ಕೆಡದೆ.

ಬೀಗದಂಗಡಿಯ ಮೊಮ್ಮಗನನ್ನು ಕರೆದು ಆಡಿಸಿದೆವು.
ಹತ್ತೊಂಬತ್ತು ಸಲ ಸತ್ತ.
'ಇದು ಮೋಸ' ಎಂದು ಎದ್ದು ಹೋದ,
ಕೊಟ್ಟ ಬಿಸ್ಕತ್ತನ್ನೂ ಬಿಟ್ಟು.

ಭಾನುವಾರ ಅಪ್ಪ ಬಂದ, ಊಟದ ಡಬ್ಬಿ ಹಿಡಿದು.
ಅಪ್ಪ ಗೆಂಪಾಚಿ, ಬೀದಿಯ ಸ್ನಾನದ ಮನೆಯ ಒಲೆಯವ.
ಕೆಡವಿದ ಮನೆಗಳ ತೊಲೆ, ಕಿಟಕಿ, ಹೊಸ್ತಿಲು ಒಡ್ಡಿ
ಮೂವತ್ತೊಂದು ವರ್ಷ ಊರಿನ ಮೈಗೆ ನೀರು ಕಾಯಿಸಿದವ.
ಅವನ ಹುಬ್ಬು ಪೂರ್ತಿ ಬೆಳೆದದ್ದನ್ನು ನಾನು ಕಂಡಿಲ್ಲ.

'ಇದೇನು, ಕಿತ್ತಳೆ ಸಿಪ್ಪೆಯೇ?'
'ಬೆಂಕಿ, ಅಪ್ಪ.'
ಓಹೋ ಎಂದ. ಕುರಾಮೊಚಿ ಗುಂಡಿಗಳನ್ನು ಕೈಗಿತ್ತ.
ಸತ್ತ. ಸತ್ತ.
ಮೂರನೆಯ ಸಲ ಸತ್ತು, ಕನ್ನಡಕ ಒರೆಸುತ್ತ ಹೇಳಿದ:

'ನಿನ್ನ ಬೆಂಕಿಗೆ ಉಸಿರಿಲ್ಲ ಮಗಳೇ.
ಒಲೆಯ ಬಾಯಿ ತೆರೆದರೆ ಅದು ಮೊದಲು ಒಳಗೆಳೆಯುತ್ತದೆ,
ಒಂದು ಗುಟುಕು ಗಾಳಿ.
ಆಗ ಅದರ ಮುಖ ಇಷ್ಟೇ ಇಷ್ಟು.
ಆಮೇಲೆ ಬರುತ್ತದೆ.
ಹೇಳದೆ ಬರುವ ಜಾತಿಯಲ್ಲ ಅದು.
ನಮಗೇ ಕೇಳುವ ವ್ಯವಧಾನ ಇರುವುದಿಲ್ಲ.'

ಆ ರಾತ್ರಿ ಮೂರನೆಯ ಚಿತ್ರ ಬರೆದೆ.
ಹಳದಿಯಿಲ್ಲ, ಬಿಳಿಯಿಲ್ಲ,
ನೆಲಕ್ಕಂಟಿದ ಕೆಂಪಿನ ಆರು ಚುಕ್ಕಿ,
ಉಸಿರು ಹಿಡಿದು ಕೂತ ಹಾಗೆ.
ಕುರಾಮೊಚಿ ತಲೆಯಾಡಿಸಿದ: ಜಾಗವಿಲ್ಲ,
ಕ್ಯಾಸೆಟ್ಟು ಗಂಟಲವರೆಗೆ ತುಂಬಿದೆ,
ಸೂಜಿ ಊರಲೂ ಎಡೆಯಿಲ್ಲ.
ಕೊನೆಗೆ ಎರಡನೆಯ ಹಂತದ ಆಕಾಶದಿಂದ
ಒಂದು ಮೋಡ ಕಿತ್ತೆವು.
ಅದೆಲ್ಲಿ ಹೋಯಿತೆಂದು ಈವರೆಗೆ ಯಾರೂ ಕೇಳಿಲ್ಲ.

ಮೊಮ್ಮಗ ಮತ್ತೆ ಬಂದ, ಬಿಸ್ಕತ್ತಿನ ನೆಪದಲ್ಲಿ.
ಏಳು ಸಲ ಸತ್ತ.
ಎಂಟನೆಯ ಸಲ ಬೆಂಕಿಯೆದುರು ನಿಂತ. ಸುಮ್ಮನೆ ನಿಂತ.
ಕುಗ್ಗಿತು.
ಉಕ್ಕಿತು.
ಇಳಿಯಿತು, ಹಾರಿದ!
ಕೆಳಗೆ ಬೀಗ ತಿದ್ದುತ್ತಿದ್ದ ಅಜ್ಜನಿಗೆ
ಚಾವಣಿಯೇ ಕುಣಿದಂತೆ ಕೇಳಿಸಿತಂತೆ.

ತೊಂಬತ್ತಾರರಲ್ಲಿ ಸ್ನಾನದ ಮನೆಗೆ ಗ್ಯಾಸ್ ಬಂತು,
ಗೋಡೆಯಲ್ಲೊಂದು ಗುಂಡಿ, ಒತ್ತಿದರೆ ನೀರು ಬಿಸಿ.
ಅಪ್ಪನ ಹುಬ್ಬು ದಟ್ಟವಾಗಿ ಬೆಳೆಯಿತು,
ಬೇರೆ ಯಾರದೋ ಮುಖದ ಹಾಗೆ.
ಅವನ ಟೀವಿಗೆ ಆ ಹಳೆಯ ಯಂತ್ರ ಜೋಡಿಸಿ ಕೊಟ್ಟೆ.

ಮೂರನೆಯ ಹಂತದವರೆಗೆ ಸರಸರ ಹೋಗುತ್ತಾನೆ,
ಮೊದಲ ಬೆಂಕಿಯ ಮುಂದೆ ನಿಲ್ಲುತ್ತಾನೆ.
ಹಾರುವುದಿಲ್ಲ.
ಕುಗ್ಗುತ್ತದೆ, ಉಕ್ಕುತ್ತದೆ.
ಚಹಾ ಆರುತ್ತದೆ.
ಮೂಲೆಯಲ್ಲಿ ಅಂಕಿ ಇಳಿಯುತ್ತ ಬರುತ್ತದೆ,
ಇನ್ನೂರು, ನೂರು, ಒಂಬತ್ತು.

ಅಪ್ಪ ಈಗ ಸುಟ್ಟು ಸಾಯುವುದೇ ಇಲ್ಲ,
ಹೊತ್ತು ಮುಗಿದು ಸಾಯುತ್ತಾನೆ.
ಕೊಡೆಯ ಹುಡುಗ ಚಿಮ್ಮಿ ಬೀಳುವುದನ್ನು ನೋಡಿ
'ಸೌದೆ ಇನ್ನೂ ಹಸಿ' ಎನ್ನುತ್ತಾನೆ,
ಮತ್ತೆ ಮೊದಲ ಬಾಗಿಲಿಂದ ಹೊರಡುತ್ತಾನೆ.